ಎರಡೂವರೆ ಗುಂಟೆಯ ಪಾಠಶಾಲೆ

ಒದ್ದೆ ಹತ್ತಿಯ ಮೇಲೆ ನಾಲ್ಕು ಹುರುಳಿಕಾಳು ಹರಡಿ, ತರಗತಿಯ ಕಿಟಕಿಯಲ್ಲಿಟ್ಟು, ಮೊಳಕೆ ಬರುವುದನ್ನು ಕಾದದ್ದು ನಮ್ಮಲ್ಲಿ ಬಹುಮಂದಿಗೆ ನೆನಪಿರಬಹುದು. ಎರಡು ಮೂರು ದಿನಗಳಲ್ಲಿ ಬೇರು ಇಣುಕುತ್ತದೆ. ವಾರದೊಳಗೆ ಎಲೆ ಬಿಚ್ಚುತ್ತದೆ. ಉಪಾಧ್ಯಾಯರು ಕರಿಹಲಗೆಯ ಮೇಲೆ ಅದರ ಚಿತ್ರ ಬರೆಯುತ್ತಾರೆ. ಮಕ್ಕಳು ನೋಡಿ ಬರೆದುಕೊಳ್ಳುತ್ತಾರೆ. ಆಮೇಲೆ? ಆಮೇಲೆ ಪಾಠ ಮುಂದಕ್ಕೆ ಹೋಗುತ್ತದೆ, ಸಸಿ ಕಿಟಕಿಯಲ್ಲೇ ಬಾಡುತ್ತದೆ. ಬೆಳೆಯುವ ಸಿರಿಯನ್ನು ಮೊಳಕೆಯಲ್ಲಿ ನೋಡು ಎನ್ನುತ್ತದೆ ಗಾದೆ. ನಮ್ಮ ಶಾಲೆಯ ಪಾಠ ಮೊಳಕೆಯನ್ನು ನೋಡಿತು, ಸಿರಿಯನ್ನು ನೋಡಲು ನಿಲ್ಲಲಿಲ್ಲ. ಮೊಳಕೆಗೂ ಬೆಳೆಗೂ ನಡುವೆ ಇರುವ ಮೂರು ನಾಲ್ಕು ತಿಂಗಳ ಕಾಯುವಿಕೆ, ಕಳೆ ಕೀಳುವ ಬೇಸರ, ಹುಳುವಿನ ಕಾಟ, ಮಳೆಯ ಹೆಚ್ಚು ಕಡಮೆ—ಬೇಸಾಯವೆಂದರೆ ಇದೇ ಅಲ್ಲವೆ? ಪುಸ್ತಕದಿಂದ ಕಲಿಸಲಾಗದ ಭಾಗವೂ ಇದೇ.

ಹೀಗೆ ಬಿಟ್ಟುಹೋದ ಭಾಗವನ್ನು ಕಲಿಸುವುದಕ್ಕೆ ಇಂಗ್ಲೆಂಡಿನ ಕೆಲವು ಪ್ರಾಥಮಿಕ ಶಾಲೆಗಳು ಹಿಡಿದಿರುವ ದಾರಿಯೊಂದುಂಟು. ಆ ದೇಶದ ಊರುಗಳಲ್ಲಿ ಸ್ಥಳೀಯ ಸಂಸ್ಥೆಗಳು ಬಯಲನ್ನು ಸಣ್ಣ ಸಣ್ಣ ತುಂಡುಗಳಾಗಿ ಹಂಚಿ, ತರಕಾರಿ ಬೆಳೆದುಕೊಳ್ಳಲು ಮನೆಮಂದಿಗೆ ಗೇಣಿಗೆ ಕೊಡುತ್ತವೆ. ಇದಕ್ಕೆ ಅಲ್ಲಿ ಅಲಾಟ್‌ಮೆಂಟ್ ಎಂದು ಹೆಸರು. ನಾವು ಗೇಣಿತೋಟವೆಂದು ಕರೆಯಬಹುದು. ಅಂಥ ತುಂಡೊಂದನ್ನು ಶಾಲೆಯೇ ಹಿಡಿದು, ಮಕ್ಕಳ ಕೈಯಿಂದಲೇ ಉತ್ತು ಬಿತ್ತಿ ಬೆಳೆ ತೆಗೆಸುವುದು ಆ ದಾರಿ. ಆಟದ ಬಯಲಿಗೆಲ್ಲ ಗಾರೆ ಹಾಕಿ, ಒಂದು ಹಿಡಿ ಮಣ್ಣೂ ಕಾಣದ ಪಟ್ಟಣದ ಶಾಲೆಗಳಿಗೆ ಇದೊಂದು ದೊಡ್ಡ ಅನುಕೂಲ.

ಈ ತೋಟಗಳ ಹಿಂದೆ ಬಡವರ ಕಥೆಯೊಂದಿದೆ. ಹದಿನೆಂಟು, ಹತ್ತೊಂಬತ್ತನೆಯ ಶತಮಾನಗಳಲ್ಲಿ ಇಂಗ್ಲೆಂಡಿನ ಹಳ್ಳಿಗಳಲ್ಲಿ, ನಮ್ಮ ಗೋಮಾಳದಂತೆ ಊರೊಟ್ಟಿಗೆ ಸೇರಿದ್ದ ನೆಲಗಳಿಗೆ ಬೇಲಿ ಬಿದ್ದು ಅವು ಉಳ್ಳವರ ಪಾಲಾದವು. ದನ ಮೇಯಿಸಲು, ಸೌದೆ ತರಲು ಇದ್ದ ಹಕ್ಕು ಕೂಲಿಯವನಿಗೆ ತಪ್ಪಿತು. ಅದಕ್ಕೆ ಅಲ್ಪ ಪರಿಹಾರವೆಂಬಂತೆ ಅವನಿಗೆ ತರಕಾರಿ ಬೆಳೆದುಕೊಳ್ಳಲು ಚೂರು ನೆಲ ಕೊಡುವ ಪದ್ಧತಿ ಹುಟ್ಟಿತು. ೧೯೦೮ರ ಕಾನೂನು ಇದನ್ನು ಸ್ಥಳೀಯ ಸಂಸ್ಥೆಗಳ ಕರ್ತವ್ಯವಾಗಿ ಮಾಡಿತು. ಊರಿನ ಆರು ಮಂದಿ ಮತದಾರರೋ ತೆರಿಗೆದಾರರೋ ಕೂಡಿ ಬರೆದುಕೊಟ್ಟರೆ, ಆ ಬೇಡಿಕೆಯನ್ನು ಸಂಸ್ಥೆ ಪರಿಶೀಲಿಸಲೇಬೇಕು. ೧೯೨೫ರ ಕಾನೂನಿನಿಂದ, ಈ ಉದ್ದೇಶಕ್ಕಾಗಿ ಪಡೆದ ನೆಲವನ್ನು ಮಂತ್ರಿಯ ಒಪ್ಪಿಗೆಯಿಲ್ಲದೆ ಮಾರುವಂತಿಲ್ಲವೆಂದಾಯಿತು. ಎರಡನೆಯ ಮಹಾಯುದ್ಧದಲ್ಲಿ ಹೊರದೇಶದ ಆಹಾರ ಬರುವುದು ಕಷ್ಟವಾದಾಗ, ಬ್ರಿಟನ್ನಿನಲ್ಲಿ ಇಂಥ ತೋಟಗಳು ಸುಮಾರು ೧೪ ಲಕ್ಷಕ್ಕೆ ಏರಿದ್ದವು. ಮುಂದೆ ಅವುಗಳ ಸಂಖ್ಯೆ ಬಹಳ ಇಳಿಯಿತು. ಆದರೂ ಅನೇಕ ಊರುಗಳಲ್ಲಿ ತೋಟಕ್ಕಾಗಿ ಹೆಸರು ಬರೆಸಿ ವರ್ಷಗಟ್ಟಲೆ ಕಾಯುವವರಿದ್ದಾರೆ.

ಒಂದು ತುಂಡಿನ ಅಳತೆ ವಾಡಿಕೆಯಲ್ಲಿ ಹತ್ತು ಚದರ ರಾಡ್. ರಾಡ್ ಎಂದರೆ ಐದೂವರೆ ಗಜ. ಅಂದರೆ ಒಟ್ಟು ೩೦೨½ ಚದರ ಗಜ. ಮೀಟರಿನ ಲೆಕ್ಕದಲ್ಲಿ ಸುಮಾರು ೨೫೩ ಚದರ ಮೀಟರ್. ನಮ್ಮ ಗುಂಟೆ ೧೨೧ ಚದರ ಗಜವಾದ್ದರಿಂದ, ಇದು ಸರಿಯಾಗಿ ಎರಡೂವರೆ ಗುಂಟೆಯಾಗುತ್ತದೆ. ಹೊಲವೆನ್ನಲು ಚಿಕ್ಕದು, ಹೂವಿನ ಕುಂಡಗಳಿಗಿಂತ ಎಷ್ಟೋ ದೊಡ್ಡದು. ಮಕ್ಕಳ ಶಾಲೆಗೆ ಇಷ್ಟೂ ಬೇಡವೆಂದು ಅರ್ಧ ತುಂಡನ್ನೇ ಹಿಡಿಯುವುದೂ ಉಂಟು.

ಶಾಲೆ ಗೇಣಿತೋಟದ ಬಾಗಿಲು ತೆರೆದು ಒಳಗೆ ಹೋಗುವ ಮುಂಚೆ ಹಳೆಯ ಪ್ರಸಂಗವೊಂದನ್ನು ನೆನೆಯುವುದು ಒಳ್ಳೆಯದು. ಇದು ನಡೆದದ್ದು ಇಂಗ್ಲೆಂಡಿನಲ್ಲಲ್ಲ, ಜರ್ಮನಿಯ ಲೈಪ್‌ಜಿಗ್ ನಗರದಲ್ಲಿ. ಜರ್ಮನರು ತಮ್ಮ ಗೇಣಿತೋಟಗಳನ್ನು ಇಂದಿಗೂ 'ಶ್ರೇಬರ್ ತೋಟ' ಎನ್ನುತ್ತಾರೆ. ಶ್ರೇಬರ್ ಆ ಊರಿನ ವೈದ್ಯ. ಮಕ್ಕಳಿಗೆ ಬಯಲಿನ ಗಾಳಿ, ಅಂಗಸಾಧನೆ ಬೇಕೆಂದು ಸಾರಿದವನು. ತಮಾಷೆಯೆಂದರೆ, ಅವನು ತೋಟ ಮಾಡಿದವನಲ್ಲ. ಅವನು ೧೮೬೧ರಲ್ಲಿ ತೀರಿಕೊಂಡ ಮೇಲೆ, ಹೌಶಿಲ್ಡ್ ಎಂಬ ಶಾಲೆಯ ಮುಖ್ಯಸ್ಥ ೧೮೬೪ರಲ್ಲಿ ಮಕ್ಕಳ ತಂದೆತಾಯಿಗಳನ್ನು ಕೂಡಿಸಿ ಸಂಘ ಕಟ್ಟಿ, ಗೌರವಕ್ಕಾಗಿ ಅದಕ್ಕೆ ಆ ವೈದ್ಯನ ಹೆಸರಿಟ್ಟ. ಮರುವರ್ಷ ಆ ಸಂಘ ಮಕ್ಕಳಿಗೊಂದು ಆಟದ ಬಯಲನ್ನು ತೆರೆಯಿತು. ಕೆಲವು ವರ್ಷಗಳಲ್ಲಿ ಗೆಸೆಲ್ ಎಂಬ ನಿವೃತ್ತ ಉಪಾಧ್ಯಾಯ ಬಯಲಿನ ಅಂಚಿನಲ್ಲಿ ಸಣ್ಣ ಸಣ್ಣ ಪಾತಿಗಳನ್ನು ಮಾಡಿಸಿದ. ಮಕ್ಕಳು ಆಡುತ್ತ ಆಡುತ್ತ ಗಿಡ ಬೆಳೆಸುವುದನ್ನೂ ಕಲಿಯಲೆಂಬುದು ಅವನ ಆಸೆ.

ಆದದ್ದೇನು? ಹೊಸದರಲ್ಲಿ ಮಕ್ಕಳು ಉತ್ಸಾಹದಿಂದ ಅಗೆದರು, ಬಿತ್ತಿದರು. ಬರಬರುತ್ತ ಉತ್ಸಾಹ ಇಳಿಯಿತು. ಪಾತಿಗಳಲ್ಲಿ ಕಳೆ ಬೆಳೆಯಿತು. ಪಾಳು ಬೀಳುವುದನ್ನು ನೋಡಲಾರದೆ ತಂದೆತಾಯಿಗಳು ಕೈ ಹಾಕಿದರು. ಕೈ ಹಾಕಿದವರಿಗೆ ರುಚಿ ಹತ್ತಿತು. ಮಕ್ಕಳ ಪಾತಿ ಮನೆಮಂದಿಯ ಪಾತಿಯಾಯಿತು, ಸುತ್ತ ಬೇಲಿ ಬಂತು. ೧೮೭೦ರ ಹೊತ್ತಿಗೆ ಅಲ್ಲಿ ಸುಮಾರು ನೂರು ತುಂಡುಗಳು, ಅವಕ್ಕೊಂದು ನಿಬಂಧನೆ ಎಲ್ಲ ಸಿದ್ಧವಾಗಿದ್ದವು. ಆ ಸಂಘದ ಮನೆಯಲ್ಲಿ ೧೯೯೬ರಲ್ಲಿ ಗೇಣಿತೋಟಗಳ ವಸ್ತುಸಂಗ್ರಹಾಲಯವೇ ತೆರೆದಿದೆ. ಹೀಗೆ ಒಂದು ದೇಶದ ದೊಡ್ಡ ತೋಟದ ಚಳವಳಿ ಮಕ್ಕಳ ಪಾತಿಯಿಂದ ಹುಟ್ಟಿತೆಂದು ನಾವು ಸಂತೋಷಪಡಬಹುದು. ಆದರೆ ಗೆಸೆಲ್ ಮಾಸ್ತರನ ಕಡೆಯಿಂದ ನೋಡಿದರೆ, ಬೇಲಿಯೇ ಎದ್ದು ಹೊಲ ಮೇಯ್ದ ಹಾಗಾಯಿತು. ಗೆದ್ದದ್ದು ತೋಟ, ಸೋತದ್ದು ಪಾಠ.

ಶಾಲೆಯ ತೋಟಕ್ಕೆ ಇಂದಿಗೂ ಇರುವ ಅಪಾಯಗಳು ಇವೇ ಎರಡು. ಮಕ್ಕಳ ಕೈಗೇ ಪೂರ್ತಿ ಬಿಟ್ಟರೆ ಕಳೆ ನುಂಗುತ್ತದೆ. ದೊಡ್ಡವರು ಕೈ ಹಾಕಿದರೆ ತೋಟ ಅಂದವಾಗುತ್ತದೆ, ಮಕ್ಕಳು ಬೇಲಿಯಾಚೆ ನಿಂತು ನೋಡುವವರಾಗುತ್ತಾರೆ. ಇವೆರಡರ ನಡುವೆ ಮಕ್ಕಳ ಪಾತಿ ಮಕ್ಕಳದಾಗಿಯೇ ಉಳಿಯುವಂತೆ ಮಾಡುವುದು ಹೇಗೆ? ಇದೊಂದು ಪ್ರಶ್ನೆಗೆ ಉತ್ತರ ಸಿಕ್ಕಿದರೆ ಉಳಿದುದೆಲ್ಲ ಸುಲಭ.

ಮೊದಲನೆಯ ಉತ್ತರ ಅಳತೆಯದು. ಇಂಗ್ಲೆಂಡಿನಲ್ಲಿ ಏಳು ವರ್ಷದೊಳಗಿನ ಮಕ್ಕಳ ತರಗತಿಯಲ್ಲಿ ೩೦ಕ್ಕಿಂತ ಹೆಚ್ಚು ಮಂದಿ ಇರಬಾರದೆಂಬ ಕಟ್ಟಳೆ ಇದೆ. ಎರಡೂವರೆ ಗುಂಟೆಯನ್ನು ೩೦ ಮಂದಿಗೆ ಹಂಚಿದರೆ ತಲೆಗೆ ಹತ್ತು ಚದರ ಗಜ ಬರುತ್ತದೆ. ಕೇಳುವುದಕ್ಕೆ ಚೆನ್ನ, ಆದರೆ ಪುಟ್ಟ ಮಗುವಿಗೆ ಅಷ್ಟು ನೆಲದ ಕಳೆ ಕೀಳುವುದೆಂದರೆ ಶಿಕ್ಷೆಯೇ ಸರಿ. ಆದ್ದರಿಂದ ಮೂರಡಿ ಅಗಲದ ಮಡಿಗಳನ್ನು ಮಾಡಿ, ನಡುವೆ ಓಡಾಡಲು ದಾರಿ ಬಿಟ್ಟು, ಇಬ್ಬಿಬ್ಬರಿಗೆ ನಾಲ್ಕಡಿ ಉದ್ದದ ಭಾಗ ಕೊಟ್ಟರೆ ಸಾಕು. ಮೂರಡಿ ಏಕೆಂದರೆ, ಎರಡು ಬದಿಯಿಂದಲೂ ಮಕ್ಕಳ ಪುಟ್ಟ ಕೈ ನಡುವಿನವರೆಗೆ ಎಟಕುತ್ತದೆ. ಮಡಿಯ ಮೇಲೆ ಕಾಲಿಡಬೇಕಾಗುವುದಿಲ್ಲ. ತುಳಿದ ಮಣ್ಣು ಬಿಗಿದುಕೊಳ್ಳುತ್ತದೆ. ಅದರಲ್ಲಿ ನೀರೂ ಗಾಳಿಯೂ ಆಡುವುದಿಲ್ಲ. ಉಳಿದ ನೆಲ ಎಲ್ಲರಿಗೂ ಸೇರಿದ ಮಡಿಗಳಿಗೆ, ಗೊಬ್ಬರದ ರಾಶಿಗೆ, ಸಾಮಾನಿನ ಗೂಡಿಗೆ ಆಗುತ್ತದೆ.

ಎರಡನೆಯ ಉತ್ತರ ಕಾಲದ್ದು. ಎಲ್ಲಕ್ಕಿಂತ ಮುಖ್ಯವಾದದ್ದು ಇದೇ ಎಂದು ತೋರುತ್ತದೆ. ಅಲ್ಲಿ ಶಾಲೆ ಪ್ರಾರಂಭವಾಗುವುದು ಸೆಪ್ಟೆಂಬರಿನಲ್ಲಿ, ಮುಗಿಯುವುದು ಜುಲೈ ಕೊನೆಗೆ. ಆಮೇಲೆ ಸುಮಾರು ಆರು ವಾರ ಬೇಸಗೆಯ ರಜ. ಆ ದೇಶದಲ್ಲಿ ಟೊಮೇಟೊ ಹಣ್ಣಾಗುವುದು, ಹುರುಳಿಕಾಯಿ ಗೊಂಚಲು ಗೊಂಚಲಾಗಿ ಬಿಡುವುದು ಸರಿಯಾಗಿ ಅದೇ ಆಗಸ್ಟ್ ತಿಂಗಳಲ್ಲಿ. ತೋಟದ ಪುಸ್ತಕ ನೋಡಿ ಬಿತ್ತಿದ ಶಾಲೆಯಲ್ಲಿ, ಬೆಳೆ ಬಂದಾಗ ಮಕ್ಕಳಿಲ್ಲ. ಮಕ್ಕಳು ಬಂದಾಗ ಎದೆಯುದ್ದ ಕಳೆ. ಒಂದು ವರ್ಷ ಹೀಗಾದರೆ ಸಾಕು, ತೋಟದ ಮೇಲಿನ ಮಮತೆ ಒಣಗಿಹೋಗುತ್ತದೆ.

ಆದ್ದರಿಂದ ತಿಳಿದ ಉಪಾಧ್ಯಾಯರು ಶಾಲೆಯ ದಿನಚರಿಗೆ ಒಗ್ಗುವ ಬೆಳೆಗಳನ್ನೇ ಆರಿಸುತ್ತಾರೆ. ಅಕ್ಟೋಬರಿನಲ್ಲಿ ಬೆಳ್ಳುಳ್ಳಿಯ ಎಸಳು ಊರುತ್ತಾರೆ. ನವೆಂಬರಿನಲ್ಲಿ ಬ್ರಾಡ್ ಬೀನ್ ಎಂಬ, ನಮ್ಮ ಅವರೆಯನ್ನು ಹೋಲುವ ದಪ್ಪ ಕಾಳನ್ನು ಬಿತ್ತುತ್ತಾರೆ. ಇವು ಮಂಜನ್ನೂ ಹಿಮವನ್ನೂ ಸಹಿಸಿಕೊಂಡು ಚಳಿಗಾಲವನ್ನು ಕಳೆದು, ಜೂನ್, ಜುಲೈ ಹೊತ್ತಿಗೆ ಕೈಗೆ ಬರುತ್ತವೆ. ಫೆಬ್ರುವರಿಯಲ್ಲಿ ಬೀಜದ ಆಲೂಗಡ್ಡೆಗಳನ್ನು ಮೊಟ್ಟೆಯ ತಟ್ಟೆಗಳಲ್ಲಿ ಜೋಡಿಸಿ ತರಗತಿಯ ಕಿಟಕಿಯಲ್ಲಿ ಮೊಳಕೆಗೆ ಇಡುತ್ತಾರೆ. ಶುಭ ಶುಕ್ರವಾರದ ದಿನ ಆಲೂಗಡ್ಡೆ ನೆಡುವುದು ಅಲ್ಲಿನ ತೋಟಗಾರರ ಹಳೆಯ ವಾಡಿಕೆ; ಶಾಲೆಗಳೂ ಆ ಸುಮಾರಿಗೆ, ಏಪ್ರಿಲ್ ಮೊದಲಲ್ಲಿ ನೆಡುತ್ತವೆ. ಬೇಗ ಬರುವ ಜಾತಿಯಾದರೆ ಜೂನ್ ಕೊನೆಗೆ ಅಗೆಯಬಹುದು. ಮೂಲಂಗಿಗೆ ನಾಲ್ಕೈದು ವಾರ ಸಾಕು. ತಾಳ್ಮೆಯಿಲ್ಲದ ಚಿಕ್ಕ ಮಕ್ಕಳಿಗೆ ಮೊದಲು ಇದನ್ನೇ ಕೊಡುತ್ತಾರೆ.

ಇನ್ನು ಕುಂಬಳದ ಮಾತು ಬೇರೆ. ಅದನ್ನು ಏಪ್ರಿಲಿನಲ್ಲಿ ಒಳಗೆ ಕುಂಡದಲ್ಲಿ ಮೊಳೆಯಿಸಿ, ಹಿಮದ ಭಯ ಕಳೆದ ಮೇಲೆ, ಮೇ ಕೊನೆಗೋ ಜೂನ್ ಮೊದಲಿಗೋ ಮಡಿಗೆ ಇಳಿಸುತ್ತಾರೆ. ರಜದಲ್ಲಿ ಅದರ ಬಳ್ಳಿ ನೆಲವನ್ನೆಲ್ಲ ಹಬ್ಬಿ, ಅಗಲವಾದ ಎಲೆಗಳ ನೆರಳಿನಲ್ಲಿ ಕಳೆಯನ್ನು ಅಡಗಿಸುತ್ತದೆ. ಕಾಯಿ ಬಲಿಯುವುದು ಅಕ್ಟೋಬರಿಗೆ. ಒಂದನೆಯ ತರಗತಿಯಲ್ಲಿ ಬಿತ್ತಿದ ಮಗು ಎರಡನೆಯ ತರಗತಿಯಲ್ಲಿ ಕೊಯ್ಯುತ್ತದೆ. ಹನ್ನೊಂದು ತುಂಬಿ ಶಾಲೆ ಬಿಡುವ ಹುಡುಗರು ಬಿತ್ತಿಟ್ಟ ಕುಂಬಳವನ್ನು ಅವರ ಹಿಂದಿನವರು ತಿನ್ನುತ್ತಾರೆ. ತಾನು ತಿನ್ನದ ಬೆಳೆಯನ್ನು ಇನ್ನೊಬ್ಬರಿಗಾಗಿ ಬಿತ್ತುವುದು ಯಾವ ನೀತಿಪಾಠದ ಪುಸ್ತಕದಲ್ಲೂ ಇಷ್ಟು ಸಲೀಸಾಗಿ ಬರುವುದಿಲ್ಲ. ರಜದಲ್ಲಿ ನೀರು ಹಾಕಲು ಮನೆಯವರ ಸರದಿ ಬೇಕೇ ಬೇಕು. ಆದರೆ ಸರದಿ ನೀರಿಗೆ ಮಾತ್ರ, ಪಾತಿಯ ಯಜಮಾನಿಕೆಗಲ್ಲ ಎಂದು ಮೊದಲೇ ಹೇಳಿಡಬೇಕು. ಲೈಪ್‌ಜಿಗ್ಗಿನ ಪಾಠ ಇಲ್ಲಿ ಉಪಯೋಗಕ್ಕೆ ಬರುತ್ತದೆ.

ಮೂರನೆಯ ಉತ್ತರ ಪಾಠದ್ದು. ತೋಟ ಶುಕ್ರವಾರ ಮಧ್ಯಾಹ್ನದ ವಿನೋದವಾದರೆ ಬಾಳುವುದಿಲ್ಲ. ಗಣಿತ, ವಿಜ್ಞಾನ, ಭಾಷೆ ಮೂರಕ್ಕೂ ಅದು ಬೇಕಾದ ವಸ್ತುವಾಗಬೇಕು. ೨೦೧೪ರಲ್ಲಿ ಜಾರಿಗೆ ಬಂದ ಇಂಗ್ಲೆಂಡಿನ ಪಠ್ಯಕ್ರಮ, ಆರೇಳು ವರ್ಷದ ಮಕ್ಕಳು ಬೀಜವೂ ಗೆಡ್ಡೆಯೂ ಬೆಳೆದು ಗಿಡವಾಗುವುದನ್ನು ಕಣ್ಣಾರೆ ನೋಡಿ ವಿವರಿಸಬೇಕೆನ್ನುತ್ತದೆ. ಮುಂದಿನ ವರ್ಷ ಪರಾಗಸ್ಪರ್ಶ, ಬೀಜ ಕಟ್ಟುವುದು, ಮಣ್ಣು ಏತರಿಂದ ಆಗಿದೆ ಎಂಬುದೆಲ್ಲ ಬರುತ್ತದೆ. ಇದಕ್ಕೆ ತೋಟಕ್ಕಿಂತ ಒಳ್ಳೆಯ ಕೊಠಡಿ ಯಾವುದು?

ಲೆಕ್ಕದ ಪಾಠವನ್ನೇ ನೋಡಿ. ಹನ್ನೆರಡಡಿ ಉದ್ದದ ಮಡಿ, ಎರಡು ಸಾಲು, ಅಡಿಗೊಂದು ಆಲೂಗಡ್ಡೆ. ಒಟ್ಟು ಎಷ್ಟು ಬೇಕು? ೨೪. ಆದರೆ ಮೊದಲ ಗಡ್ಡೆಯನ್ನು ಅಂಚಿನಲ್ಲೇ ಇಟ್ಟ ಹುಡುಗ ೨೬ ಬೇಕೆನ್ನುತ್ತಾನೆ. ಅರ್ಧ ಅಡಿ ಒಳಗಿಟ್ಟ ಹುಡುಗಿ ೨೪ ಎನ್ನುತ್ತಾಳೆ. ಇಬ್ಬರ ಲೆಕ್ಕವೂ ಸರಿ! ಕಂಬಕ್ಕೂ ಕಂಬದ ನಡುವಣ ಅಂತರಕ್ಕೂ ಇರುವ ವ್ಯತ್ಯಾಸ ಕರಿಹಲಗೆಯ ಮೇಲೆ ಎಷ್ಟು ಹೇಳಿದರೂ ತಲೆಗೆ ಹೋಗದದ್ದು, ಮಣ್ಣಿನಲ್ಲಿ ಒಂದು ಗಳಿಗೆಯಲ್ಲಿ ಹೋಗುತ್ತದೆ. ನೆಡುವ ಮುಂಚೆ ಗಡ್ಡೆಗಳನ್ನು ತೂಗಿ ಬರೆದಿಟ್ಟುಕೊಂಡು, ಅಗೆದ ಮೇಲೆ ಫಸಲನ್ನು ತೂಗಿದರೆ, ಒಂದಕ್ಕೆ ಎಷ್ಟರಷ್ಟು ಬಂತೆಂದು ಭಾಗಾಕಾರ ತಾನಾಗಿ ಬರುತ್ತದೆ.

ವಿಜ್ಞಾನಕ್ಕಂತೂ ಎಲ್ಲೆಯೇ ಇಲ್ಲ. ಕಾಯಿ ಕಿತ್ತ ಮೇಲೆ ಬ್ರಾಡ್ ಬೀನ್ ಗಿಡವೊಂದನ್ನು ಬೇರು ಸಹಿತ ಮೆಲ್ಲನೆ ಎಬ್ಬಿಸಿ ತೊಳೆದರೆ, ಬೇರಿನಲ್ಲಿ ಸಣ್ಣ ಸಣ್ಣ ಗಂಟುಗಳು ಕಾಣುತ್ತವೆ. ಅವುಗಳೊಳಗೆ ವಾಸಿಸುವ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಊಟವಾಗಿ ಕೊಡುತ್ತವೆ. ಅದಕ್ಕೆ ಬದಲಾಗಿ ಗಿಡದಿಂದ ಸಕ್ಕರೆ ಪಡೆಯುತ್ತವೆ. ಉಳಿದ ಬೇರುಗಳನ್ನು ನೆಲದಲ್ಲೇ ಬಿಟ್ಟು, ಮರುವರ್ಷ ಅಲ್ಲಿ ಕೋಸು ಹಾಕುತ್ತಾರೆ. ಆಲೂಗಡ್ಡೆ, ಕಾಳು, ಕೋಸು, ಗಜ್ಜರಿ ಎಂದು ನಾಲ್ಕು ಬೆಳೆಗಳು ಹೀಗೆ ಮಡಿಯಿಂದ ಮಡಿಗೆ ಸರದಿಯಲ್ಲಿ ನಡೆಯುತ್ತವೆ. ನೆಲದ ಸಾರ ಉಳಿಯುತ್ತದೆ, ಒಂದೇ ಬೆಳೆಗೆ ಅಂಟಿದ ರೋಗಕೀಟಗಳಿಗೆ ನೆಲೆ ತಪ್ಪುತ್ತದೆ. ಏಳನೆಯ ವಯಸ್ಸಿನಲ್ಲಿ ತೋಟಕ್ಕೆ ಕಾಲಿಟ್ಟ ಮಗು ಹನ್ನೊಂದಕ್ಕೆ ಶಾಲೆ ಬಿಡುವಾಗ ತನ್ನ ಮಡಿಯಲ್ಲಿ ಈ ಸುತ್ತು ಪೂರ್ತಿಯಾಗುವುದನ್ನು ನೋಡಿರುತ್ತದೆ.

ಮೇ ತಿಂಗಳ ಕೊನೆಗೆ ಬ್ರಾಡ್ ಬೀನಿನ ಕುಡಿಗಳಿಗೆ ಕಪ್ಪು ಹೇನು ಮುತ್ತುತ್ತದೆ. ಅದರ ನಡುವೆ ಕಿತ್ತಳೆ ಚುಕ್ಕೆಯ, ಮುಳ್ಳುಮುಳ್ಳಾದ ಒಂದು ಮರಿಹುಳು ಓಡಾಡುತ್ತಿರುತ್ತದೆ. ನೋಡಲು ವಿಕಾರ, ಮಕ್ಕಳು ಹೊಸಕಲು ಹೋಗುತ್ತಾರೆ. ಅದು ಗುಲಗಂಜಿ ಹುಳುವಿನ ಮರಿ, ಹೇನನ್ನು ತಿಂದೇ ಬೆಳೆಯುತ್ತದೆ ಎಂದು ತಿಳಿದರೆ ಕೈ ತಡೆಯುತ್ತದೆ. ಕಂಡದ್ದನ್ನೆಲ್ಲ ಶತ್ರುವೆಂದು ತಿಳಿಯಬಾರದು, ಮೊದಲು ನೋಡಬೇಕು ಎಂಬುದು ವಿಜ್ಞಾನದ ಮೊದಲ ಪಾಠವೇ ಅಲ್ಲವೆ? ಅಂದು ಕಂಡದ್ದನ್ನು ಅಂದೇ ದಿನಚರಿಯಲ್ಲಿ ಬರೆದರೆ ಭಾಷೆಯ ಪಾಠವೂ ಆಯಿತು. ಹೇಳಬೇಕಾದದ್ದು ನಿಜವಾಗಿ ಇದ್ದಾಗ ಮಕ್ಕಳಿಗೆ ಮಾತು ಹುಡುಕಬೇಕಾಗುವುದಿಲ್ಲ.

ನಾಲ್ಕನೆಯದು ನೆರೆಹೊರೆ. ಶಾಲೆಯ ಅಂಗಳದ ತೋಟಕ್ಕಿಲ್ಲದ ಒಂದು ಭಾಗ್ಯ ಗೇಣಿತೋಟಕ್ಕಿದೆ: ಪಕ್ಕದ ತುಂಡುಗಳಲ್ಲಿ ನಿಜವಾಗಿ ಬೆಳೆಯುವವರಿದ್ದಾರೆ. ವರ್ಷಗಟ್ಟಲೆ ಅದೇ ನೆಲ ಅಗೆದ ಮುದುಕರಿಗೆ, ಯಾವ ಮೂಲೆಯಲ್ಲಿ ನೀರು ನಿಲ್ಲುತ್ತದೆ, ಯಾವ ವಾರ ಹಿಮ ಬೀಳುತ್ತದೆ ಎಲ್ಲ ಗೊತ್ತು. ಹಿರಿಯರ ತಾಳ್ಮೆಯನ್ನು ಮಕ್ಕಳು ದಿನವೂ ನೋಡುತ್ತಾರೆ. ಇದರ ಜೊತೆಗೆ ಹೊಣೆಯೂ ಉಂಟು. ನೆಲವನ್ನು ಬೇಸಾಯದಲ್ಲಿ ಇಡಬೇಕೆಂಬ ಷರತ್ತು ಗೇಣಿಯ ಪತ್ರದಲ್ಲಿ ಸಾಮಾನ್ಯವಾಗಿ ಇರುತ್ತದೆ. ನಮ್ಮ ಕಳೆಯ ಬೀಜ ಹಾರಿ ಪಕ್ಕದವರ ಮಡಿಗೆ ಬಿದ್ದರೆ ಅವರು ಮುನಿಯುವುದು ನ್ಯಾಯವೇ. ಈ ಮುನಿಸೂ ಪೌರನೀತಿಯ ಪಾಠವೇ.

ಎಚ್ಚರಿಕೆಗಳು ಕೆಲವು ಇವೆ, ಅವು ಸಣ್ಣವು. ನೀರಿನ ಪೀಪಾಯಿಗೆ ಭದ್ರವಾದ ಮುಚ್ಚಳವಿರಬೇಕು. ಗುದ್ದಲಿ, ಸಲಿಕೆ ಮಕ್ಕಳ ಅಳತೆಯವಾಗಿರಬೇಕು. ಅವನ್ನು ಹೊತ್ತು ಓಡಬಾರದು. ಆಲೂಗಡ್ಡೆಯ ಗಿಡದ ಹಸಿರು ಕಾಯಿಯೂ, ಬಿಸಿಲು ತಾಗಿ ಹಸಿರಾದ ಗಡ್ಡೆಯೂ ವಿಷ ಎಂದು ಮೊದಲ ದಿನವೇ ಹೇಳಬೇಕು. ಕೈ ತೊಳೆಯದೆ ತಿನ್ನಬಾರದು.

ಕೊನೆಯ ಉತ್ತರ ಉಪಾಧ್ಯಾಯರ ಮನಸ್ಸಿಗೆ ಸೇರಿದ್ದು, ಕಷ್ಟದ್ದೂ ಅದೇ. ಮಗು ಬೀಜವನ್ನು ಗೇಣುದ್ದ ಆಳಕ್ಕೆ ಹೂಳುತ್ತದೆ. ಅದು ಮೇಲೆ ಬರುವುದಿಲ್ಲ. ಒಂದು ವಾರ ನೀರು ಮರೆಯುತ್ತದೆ, ಸಸಿ ಒಣಗುತ್ತದೆ. ಆಗ ಸಂಜೆ ಯಾರಿಗೂ ಕಾಣದಂತೆ ಬೇರೊಂದು ಸಸಿ ತಂದು ನೆಡುವ ಆಸೆ ದೊಡ್ಡವರಿಗೆ ಬರುತ್ತದೆ. ನಾಳೆ ಅತಿಥಿಗಳು ತೋಟ ನೋಡಲು ಬರುವುದಾದರೆ ಆಸೆ ಇನ್ನೂ ಬಲವಾಗುತ್ತದೆ. ಹಾಗೆ ಮಾಡಿದ ಗಳಿಗೆಯಲ್ಲಿ ಪಾತಿ ಮಗುವಿನದಾಗಿ ಉಳಿಯುವುದಿಲ್ಲ. ಬೀಜದ ಮುಂದೆ ನೆಪ ಹೇಳಿ ಫಲವಿಲ್ಲ, ಅತ್ತರೂ ಅದು ಕೇಳುವುದಿಲ್ಲ. ಆದರೆ ಮತ್ತೆ ಬಿತ್ತಿದರೆ ಮುನಿಸಿಲ್ಲದೆ ಮೊಳೆಯುತ್ತದೆ. ಬರಿದಾದ ಪಾತಿಯ ಪಕ್ಕದಲ್ಲಿ ಮಗುವಿನೊಡನೆ ಕುಳಿತು 'ಏನಾಗಿರಬಹುದು?' ಎಂದು ಕೇಳಿ, ಕೈಗೆ ಮತ್ತೆ ನಾಲ್ಕು ಕಾಳು ಕೊಡುವುದೇ ಉಪಾಧ್ಯಾಯರ ಕೆಲಸ. ಅತಿಥಿಗಳಿಗೆ ಬರಿಯ ಪಾತಿಯನ್ನೂ ತೋರಿಸಬಹುದು; ಅದರಲ್ಲಿ ನಾಚಿಕೆಯಿಲ್ಲ.

ನಮ್ಮ ನಾಡಿನಲ್ಲಿ ಗೇಣಿತೋಟದ ಪದ್ಧತಿ ಇಲ್ಲ. ಆದರೆ ಶಾಲೆಯ ಕೈತೋಟ ನಮಗೆ ಹೊಸದಲ್ಲ. ಬಿಸಿಯೂಟದ ಅಡಿಗೆಗೆ ಒದಗುವಂತೆ ಶಾಲೆಗಳಲ್ಲಿ ತರಕಾರಿ ತೋಟ ಮಾಡಬೇಕೆಂದು ಕೇಂದ್ರ ಸರ್ಕಾರ ೨೦೧೯ರಲ್ಲಿ ಸೂಚನೆಗಳನ್ನು ಕೊಟ್ಟಿದೆ. ಇಲ್ಲಿಯೂ ಪ್ರಶ್ನೆ ಅದೇ: ಶಾಲೆಯ ಕಾಲಕ್ಕೂ ಬೆಳೆಯ ಕಾಲಕ್ಕೂ ಹೊಂದಿಕೆ ಹೇಗೆ? ನಮ್ಮ ಅದೃಷ್ಟ ಇಂಗ್ಲೆಂಡಿನವರಿಗಿಂತ ಒಳ್ಳೆಯದು. ಶಾಲೆಯ ಬಾಗಿಲೂ ಮುಂಗಾರೂ ಒಟ್ಟಿಗೆ ತೆರೆಯುತ್ತವೆ. ಜೂನಿನಲ್ಲಿ ಹರಿವೆ ಬಿತ್ತಿದರೆ ತಿಂಗಳೊಪ್ಪತ್ತಿನಲ್ಲಿ ಸೊಪ್ಪು. ಮಳೆಗಾಲದಲ್ಲಿ ಹಾಕಿದ ಅವರೆ ಚಳಿಗಾಲದ ಮಂಜಿಗೆ ಸೊಗಡು ಹಿಡಿದು ಕೈಗೆ ಬರುತ್ತದೆ. ಮಕ್ಕಳು ಊಟದ ಮುಂಚೆ ಕೈ ತೊಳೆದ ನೀರು ಬಾಳೆಯ ಬುಡಕ್ಕೆ ಹರಿದರೆ ಅದಕ್ಕೂ ಸಾಕು. ಏಪ್ರಿಲ್, ಮೇ ತಿಂಗಳ ರಜದಲ್ಲಿ ಮಡಿಗಳಿಗೆ ಒಣಸೊಪ್ಪು ಹೊದಿಸಿ ನೆಲಕ್ಕೂ ರಜ ಕೊಡಬಹುದು.

ನೆಲ ಎರಡೂವರೆ ಗುಂಟೆ ಇರಲೇಬೇಕೆಂಬುದಿಲ್ಲ. ಅಡಿಗೆಮನೆಯ ಹಿಂದಿನ ನಾಲ್ಕು ಮಾರು ಜಾಗವಾದರೂ ಆದೀತು. ಪಾತಿಯ ತಲೆಯಲ್ಲಿ ಮಗುವಿನ ಹೆಸರು ಬರೆದ ಕಡ್ಡಿಯೊಂದು ನಿಂತಿರಲಿ. ಆ ಹೆಸರು ನಿಜವಾಗಿರುವವರೆಗೆ ಅದು ಪಾಠಶಾಲೆ.